ಕೊನೆಯ ಡ್ರಮ್ಮು

ಹೋದ ತಿಂಗಳು ನನ್ನ ಸ್ಕೂಟಿಯ ಬ್ರೇಕು ಕಿರುಗುಟ್ಟುತ್ತಿತ್ತೆಂದು ಹರಿಹರದಲ್ಲಿರುವ ಹಾಲೇಶ ಮಾವನ ಗ್ಯಾರೇಜಿಗೆ ಒಯ್ದಿದ್ದೆ. ಹಾಲೇಶ ಮಾವ ನಮ್ಮ ಅವ್ವನ ತಮ್ಮ. ಬಾಗಿಲಲ್ಲಿ ಕಾಲಿಡುತ್ತಲೇ ಡೀಸೆಲ್ಲಿನಲ್ಲಿ ತೊಳೆದ ಚೈನಿನ ವಾಸನೆ, ಕಪ್ಪಾದ ಆಯಿಲ್ಲಿನ ವಾಸನೆ. ನನ್ನ ತಮ್ಮ ಕೊಟ್ರೇಶನ ಅಂಗಿ ಇಷ್ಟೊತ್ತಿಗೆ ಈ ವಾಸನೆ ಹೊಡೆಯಬೇಕಿತ್ತು. ಹೊಡೆಯುವುದಿಲ್ಲ. ಅವನು ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳು ಬಿಚ್ಚಿಸಿ ನೋಡಿದ ಸೀರೆಗಳನ್ನು ಮತ್ತೆ ಮಡಚಿ ಇಡುತ್ತಾನೆ. ಅವನ ಅಂಗಿ ಹೊಸ ಬಟ್ಟೆಯ ಗಂಜಿ ವಾಸನೆ ಹೊಡೆಯುತ್ತದೆ.

ಗ್ಯಾರೇಜಿನ ಬೆಂಚಿನ ಮೇಲೆ ಒಬ್ಬರು ತಮ್ಮ ಗಾಡಿಗೆ ಕಾಯುತ್ತ ಕುಳಿತಿದ್ದರು. ಕಿವಿಯ ಹತ್ತಿರ ಕೂದಲು ನರೆತಿತ್ತು, ಜೇಬಿನಲ್ಲಿ ಕನ್ನಡಕದ ಡಬ್ಬಿ. ಫೋನನ್ನು ಅಡ್ಡ ಹಿಡಿದು ಎರಡೂ ಹೆಬ್ಬೆರಳಿನಿಂದ ಒತ್ತುತ್ತಿದ್ದರು. ದುಂಬಿ ಗುಂಯ್‌ಗುಟ್ಟಿದಂಥ ಸದ್ದು ಏರುತ್ತ ಏರುತ್ತ ಹೋಗಿ ಪಟ್ ಎಂದು ನಿಂತಿತು. ಉಸಿರು ಬಿಡುವಷ್ಟರಲ್ಲಿ ಮತ್ತೆ ಶುರುವಾಯಿತು. ಪರದೆ ನೋಡುವ ಮೊದಲೇ ಅದು ಯಾವ ಆಟವೆಂದು ನನಗೆ ಗೊತ್ತಾಗಿತ್ತು.

"ಏನ್ ಸಾಹೇಬ್ರೇ, ಬಂದಾಗಿಂದ ಬಿದ್ದಿದ್ದೇ ಬಿದ್ದಿದ್ದು. ನಿಜವಾದ ಗಾಡಿ ಆಗಿದ್ರೆ ನನಗೆ ಒಂದು ವರ್ಷದ ಕೆಲಸ ಸಿಗ್ತಿತ್ತು," ಎಂದ ಮಾವ.

"ಕಾಲೇಜಿನಾಗಿದ್ದಾಗ ಕಂಪ್ಯೂಟರ್‌ನಾಗೆ ಆಡ್ತಿದ್ದೆ ಹಾಲೇಶಣ್ಣ. ಈಗ ನನ್ನ ಮಗಳು ಕಾಲೇಜಿಗೆ ಹೋಗ್ತಾಳೆ. ಇನ್ನೂ ಬಿಡಾಕಾಗವಲ್ದು," ಎಂದರು ಅವರು, ತಲೆ ಎತ್ತದೆ.

ಮಾವ ನನ್ನ ಕಡೆ ತಿರುಗಿದ. "ಇದೇ ಅಲ್ಲೇನು ರೇಣು, ನಮ್ಮ ಕೊಟ್ರನ ಕೈ ತಿಂದ ಆಟ?"

"ಹೂಂ ಮಾವ," ಎಂದೆ.

ಇಷ್ಟು ವರ್ಷವಾದರೂ ನನ್ನ ಬಾಯಿಂದ ಅದೇ ಮಾತು. ಆ ಆಟ ಯಾರ ಕೈಯನ್ನೂ ತಿಂದಿಲ್ಲ. ತಿಂದವಳು ನಾನು. ಎಂಟನೇ ತರಗತಿಗೆ ಶಾಲೆ ಬಿಟ್ಟವಳಿಗೆ ಬರೆಯುವುದು ಸಲೀಸಲ್ಲ, ಆದರೆ ಬಾಯಿ ಬಿಟ್ಟು ಹೇಳುವುದು ಅದಕ್ಕಿಂತ ಕಷ್ಟ ಎಂದು ಅವತ್ತು ಆ ಬೆಂಚಿನ ಮೇಲೆ ಕುಳಿತಾಗ ಗೊತ್ತಾಯಿತು.

ಅದು ನನ್ನ ಮದುವೆ ಗೊತ್ತಾದ ವರ್ಷ. ದಾವಣಗೆರೆಯ ಸರಸ್ವತಿ ನಗರದಲ್ಲಿ ನಮ್ಮದು ಬಾಡಿಗೆ ಮನೆ, ಮುಂದೊಂದು ಕೋಣೆ, ಹಿಂದೊಂದು ಅಡುಗೆಮನೆ. ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಚೀಲ ಹೊರುವ ಹಮಾಲಿ. ನಾನು ಎಂ.ಸಿ.ಸಿ. ಬಡಾವಣೆಯ ಒಂದು ಲೇಡೀಸ್ ಟೈಲರ್ ಅಂಗಡಿಯಲ್ಲಿ ರವಿಕೆ ಹೊಲಿಯುತ್ತಿದ್ದೆ. ಕೊಟ್ರ ಪಿಯುಸಿಯಲ್ಲಿ ಎರಡು ವಿಷಯ ಫೇಲಾಗಿ ಮನೆಯಲ್ಲಿದ್ದ. ಅವನಿಗೆ ಅದರ ದುಃಖವೇನೂ ಇರಲಿಲ್ಲ. ದೀಪಾವಳಿ ಆದಮೇಲೆ ಹಾಲೇಶ ಮಾವ ಅವನನ್ನು ಗ್ಯಾರೇಜಿಗೆ ಸೇರಿಸಿಕೊಳ್ಳುತ್ತೇನೆ ಎಂದಿದ್ದ. ಚಿಕ್ಕವನಿದ್ದಾಗಿನಿಂದ ಕೊಟ್ರನಿಗೆ ಬೇಕಾಗಿದ್ದದ್ದು ಅದೊಂದೇ. ಬೀದಿಯಲ್ಲಿ ಗಾಡಿಯೊಂದು ಹಾದುಹೋದರೆ ಕಣ್ಣು ಮುಚ್ಚಿಕೊಂಡೇ, "ಚೈನ್ ಸಡ್ಲಾಗೈತೆ," "ಟ್ಯಾಪಿಟ್ ಬಡೀತೈತೆ," ಎನ್ನುತ್ತಿದ್ದ. ಅವ್ವ, "ಮೊದ್ಲು ನಿನ್ನ ತಲೆ ನಟ್ಟು ಟೈಟ್ ಮಾಡ್ಕ," ಎಂದು ನಗುತ್ತಿದ್ದಳು.

ಆ ವರ್ಷದ ಮಳೆ ಜೋರಾಗಿಯೂ ಬರಲಿಲ್ಲ, ಬಿಟ್ಟೂ ಹೋಗಲಿಲ್ಲ. ಸಂಜೆ ನಾನು ಅಂಗಡಿಯಿಂದ ಬರುವಷ್ಟರಲ್ಲಿ ಜಿಟಿಜಿಟಿ ಹಿಡಿದುಕೊಳ್ಳುತ್ತಿತ್ತು. ಮನೆಯಲ್ಲಿ ಒಳ್ಳೆಯ ಫೋನು ಎಂದರೆ ನನ್ನದೊಂದೇ. ಚಪ್ಪಲಿ ಬಿಡುವ ಮೊದಲೇ ಕೊಟ್ರ ಕೈ ಚಾಚುತ್ತಿದ್ದ. ಗೋಡೆಗೆ ಒರಗಿ ಕುಳಿತು ಆ ಬೈಕಿನ ಆಟ ಹಾಕಿಕೊಳ್ಳುತ್ತಿದ್ದ. ಅದಕ್ಕೆ ನೆಟ್ ಬೇಕಿರಲಿಲ್ಲ. ಅದರಲ್ಲಿ ಎದುರಾಳಿಯಿಲ್ಲ, ಕಥೆಯಿಲ್ಲ, ಹಾಡಿಲ್ಲ. ಒಬ್ಬ ಸವಾರ, ಒಂದು ಗಾಡಿ, ಮುಂದೆ ದಾರಿ. ದಾರಿ ಎಂದರೆ ನೆಟ್ಟಗಿನದಲ್ಲ. ಒಂದು ಕಡೆ ದಿಬ್ಬ, ಒಂದು ಕಡೆ ಅಲುಗಾಡುವ ಹಲಗೆ, ಇನ್ನೊಂದು ಕಡೆ ಗೋಡೆಯಂತೆ ನಿಂತ ಏರು. ಪರದೆಯ ಬಲಕ್ಕೆ ರೇಸು ಮತ್ತು ಬ್ರೇಕು, ಎಡಕ್ಕೆ ಸವಾರನ ಮೈಯನ್ನು ಹಿಂದಕ್ಕೆ ವಾಲಿಸುವುದು, ಮುಂದಕ್ಕೆ ವಾಲಿಸುವುದು. ಅಷ್ಟೇ. ತುಸು ಹೆಚ್ಚು ರೇಸು ಕೊಟ್ಟರೆ ಗಾಡಿ ಹಿಂದಕ್ಕೆ ಮಗುಚುತ್ತದೆ. ತುಸು ಹೆಚ್ಚು ಬಾಗಿದರೆ ಮೂಗು ಮುಂದಾಗಿ ನೆಲ ಕಚ್ಚುತ್ತದೆ. ಬಿದ್ದ ಮರುಗಳಿಗೆಗೆ ಮತ್ತೆ ಅದೇ ಜಾಗದಲ್ಲಿ ನಿಲ್ಲಿಸುತ್ತದೆ. ನಾಚಿಕೆ ಪಡಲೂ ಹೊತ್ತು ಕೊಡುವುದಿಲ್ಲ.

ನಮ್ಮ ಓಣಿಯ ಹುಡುಗರ ಫೋನಿನಲ್ಲಿ ಎಷ್ಟೋ ಆಟ ಬಂದು ಹೋದವು. ಗುಂಡು ಹಾರಿಸುವುದು, ಹಣ್ಣು ಕತ್ತರಿಸುವುದು, ಓಡಿ ಓಡಿ ಕಾಸು ಹೆಕ್ಕುವುದು. ಮೂರು ತಿಂಗಳಿಗೆ ಬೇಜಾರಾಗಿ ತೆಗೆದು ಹಾಕುತ್ತಿದ್ದರು. ಕೊಟ್ರ ಮಾತ್ರ ಇದನ್ನು ಬಿಡಲಿಲ್ಲ. ಅದೇ ದಿಬ್ಬ, ಅದೇ ಹಲಗೆ, ಏನೂ ಬದಲಾಗುವುದಿಲ್ಲ, ಮತ್ತೆ ಯಾಕ ಆಡ್ತೀಯ ಎಂದು ಒಮ್ಮೆ ಕೇಳಿದೆ.

"ದಾರಿ ಬದಲಾಗಲ್ಲ ಅಕ್ಕ, ಅದಕ್ಕೇ. ನಿನ್ನೆ ಬಿದ್ದಿದ್ದ ಜಾಗದಾಗ ಇವತ್ತು ಬೀಳ್ಲಿಲ್ಲ ಅಂದ್ರೆ ಕೈ ಕಲ್ತೈತೆ ಅಂತ. ಗನ್ನಿನ ಆಟದಾಗ ಯಾವನೋ ಹಿಂದಿನಿಂದ ಬಂದು ಹೊಡೀತಾನೆ. ಇಸ್ಪೀಟಿನಾಗ ಎಲೆ ಸರಿ ಬೀಳಲ್ಲ. ಇದ್ರಾಗ ಬೇರೆ ಯಾರೂ ಇಲ್ಲ. ಗಾಡಿ ಐತೆ, ನಾನಿದೀನಿ. ಬಿದ್ರೆ ನಾನೇ ಬಿದ್ದಂಗೆ."

ನನಗೂ ಕಲಿಸಿದ. ಮೊದಮೊದಲು ಮೊದಲ ದಿಬ್ಬವೇ ದಾಟುತ್ತಿರಲಿಲ್ಲ. ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆಮೇಲೆ ರೇಸು ಕೊಡುವುದು ನನಗೆ ಬೇಗ ಹತ್ತಿತು. ಹೊಲಿಗೆ ಮೆಷಿನ್ನಿನ ಪೆಡಲ್ಲನ್ನು ತುಳಿದೂ ತುಳಿಯದ ಹಾಗೆ ತುಳಿಯುವುದು ನನಗೆ ಗೊತ್ತಿತ್ತಲ್ಲ, ಹೆಬ್ಬೆರಳಿಗೂ ಅದೇ ಅಭ್ಯಾಸ ಬಂತು. "ನಿಂದು ಮೆಷಿನ್ ಕೈ ಅಕ್ಕ, ಮೆತ್ತಗೆ ಒತ್ತುತೀಯ," ಎಂದು ಕೊಟ್ರ ಹೊಗಳಿದ. ವಾಲುವುದರಲ್ಲಿ ಮಾತ್ರ ನಾನು ಯಾವಾಗಲೂ ತಡ. ಗಾಡಿ ಗಾಳಿಯಲ್ಲಿದ್ದಾಗ ಭಯಕ್ಕೆ ಎಡಗೈ ಹೆಪ್ಪುಗಟ್ಟುತ್ತಿತ್ತು. "ಹಿಂದಕ್ಕೆ ಅಕ್ಕ, ಹಿಂದಕ್ಕೆ," ಎಂದು ಅವನು ಅನ್ನುವಷ್ಟರಲ್ಲಿ ಪಟ್.

ಮಹಾನವಮಿಯ ಹೊತ್ತಿಗೆ ಅವನು ಡ್ರಮ್ಮುಗಳ ಲೆವೆಲ್ಲಿಗೆ ಬಂದಿದ್ದ. ಆಳವಾದ ಹೊಂಡದ ಮೇಲೆ ಸಾಲಾಗಿ ನಿಲ್ಲಿಸಿದ ಖಾಲಿ ಡ್ರಮ್ಮುಗಳು. ಒಂದರಿಂದ ಒಂದಕ್ಕೆ ಗಾಡಿಯನ್ನು ಕಪ್ಪೆಯಂತೆ ಹಾರಿಸಿ, ಹಿಂದಿನ ಗಾಲಿಯ ಮೇಲೆ ನಿಲ್ಲಿಸಬೇಕು. ಕೊನೆಯ ಡ್ರಮ್ಮು ಎಲ್ಲಕ್ಕಿಂತ ಎತ್ತರ. ಅದರ ಆಚೆ ಬಾವುಟ. ದಿನವೂ ಕೊಟ್ರ ಆ ಕೊನೆಯ ಡ್ರಮ್ಮಿನ ತನಕ ಹೋಗಿ ಬೀಳುತ್ತಿದ್ದ. ಅಪ್ಪ ಕೆಲಸದಿಂದ ಬಂದವನು ಕೈಕಾಲು ತೊಳೆಯುತ್ತ, "ದಾಟಿದ್ಯೇನ್ಲೇ?" ಎಂದು ಕೇಳುತ್ತಿದ್ದ. ಆಗ ಅಪ್ಪನಿಗೂ ಅದೊಂದು ತಮಾಷೆಯೇ ಆಗಿತ್ತು.

ನನ್ನ ನಿಶ್ಚಿತಾರ್ಥ ದೀಪಾವಳಿಯ ಮುಂದಿನ ವಾರಕ್ಕೆ ಗೊತ್ತಾಗಿತ್ತು. ಹುಡುಗ ಹರಿಹರದವನು, ಲೇತ್ ಕೆಲಸ. ನನಗೆ ಆ ಹುಡುಗನ ವಿಷಯದಲ್ಲಿ ಬೇಸರವೇನೂ ಇರಲಿಲ್ಲ. ಆದರೆ ಇನ್ನು ಸ್ವಲ್ಪ ದಿನಕ್ಕೆ ಯಾರದೋ ಮನೆಯ ಸೊಸೆಯಾಗುತ್ತೇನೆ, ಆಮೇಲೆ ಯಾರು ಬಿಡುತ್ತಾರೆ ಎಂದು ಒಂದು ಆಸೆ ತಲೆಗೆ ಹೊಕ್ಕಿತು. ಅಪ್ಪನ ಬೈಕು ಹೊಡೆಯಬೇಕು. ನಿಜವಾದ ಗಾಡಿ. ಕೊಟ್ರನಿಗೆ ಹೇಳಿದೆ. ಅವನ ಮುಖ ಅರಳಿತು. "ಬರ್ತೈತೆ ನಿನಗೆ. ರೇಸು ಕೊಡೋ ಕೈ ಐತೆ, ಇನ್ನೇನು," ಎಂದ.

ಭಾನುವಾರ ಮಧ್ಯಾಹ್ನ ಅಪ್ಪ ಊಟ ಮಾಡಿ ಮಲಗುತ್ತಿದ್ದ. ಅವ್ವ ಪಕ್ಕದ ಮನೆಯ ಕಟ್ಟೆಯ ಮೇಲೆ. ನಾವು ಗಾಡಿಯನ್ನು ಓಣಿಯ ತಿರುವಿನವರೆಗೆ ತಳ್ಳಿಕೊಂಡು ಹೋಗಿ ಸ್ಟಾರ್ಟ್ ಮಾಡುತ್ತಿದ್ದೆವು. ಎರಡು ಭಾನುವಾರ ಚೆನ್ನಾಗಿಯೇ ಹೋಯಿತು. ಊರ ಹೊರಗೆ ಆವರಗೆರೆಯ ಅಂಚಿನಲ್ಲಿ ಹೊಸ ಸೈಟುಗಳಿಗಾಗಿ ಡಾಂಬರು ಹಾಕಿದ ರಸ್ತೆಗಳಿದ್ದವು. ರಸ್ತೆ ಇತ್ತು, ಮನೆ ಇರಲಿಲ್ಲ. ಕಲ್ಲು ನೆಟ್ಟ ಸೈಟುಗಳ ನಡುವೆ ನಾನು ಎರಡನೇ ಗೇರಿನಲ್ಲಿ ಹೋಗುತ್ತಿದ್ದರೆ ಕೊಟ್ರ ಹಿಂದೆ ಕುಳಿತು, "ಕ್ಲಚ್ಚು ಮೆತ್ತಗೆ ಬಿಡು, ಹಂಗೆ, ಹಂಗೆ," ಎನ್ನುತ್ತಿದ್ದ. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಅಷ್ಟು ಹಗುರವಾಗಿ ನಾನು ಅದಕ್ಕಿಂತ ಮೊದಲು ಇದ್ದದ್ದಿಲ್ಲ, ಆಮೇಲೂ ಇದ್ದದ್ದಿಲ್ಲ.

ಮೂರನೆಯ ಭಾನುವಾರದ ಹೊತ್ತಿಗೆ ಮಳೆ ನಿಂತು ಬಿಸಿಲು ಬಿದ್ದಿತ್ತು. ಮೆಕ್ಕೆಜೋಳದ ಕಟಾವು. ನಮ್ಮ ಕಡೆ ಬಿಸಿಲು ಬಿತ್ತೆಂದರೆ ಡಾಂಬರು ರಸ್ತೆಯೇ ಕಣ. ಅರ್ಧ ರಸ್ತೆಗೆ ಕಾಳು ಹರವಿ, ಗಾಡಿ ಹತ್ತದಿರಲೆಂದು ಅಂಚಿಗೆ ಕಲ್ಲು ಸಾಲು ಇಡುತ್ತಾರೆ. ಸೈಟುಗಳ ರಸ್ತೆ ತುಂಬ ಹಳದಿ ಕಾಳು ಮಿರಮಿರ ಮಿಂಚುತ್ತಿತ್ತು.

"ಇವತ್ತು ಈ ಕಡೆ ಬ್ಯಾಡ ಅಕ್ಕ. ಕಾಳು ಹಾಕ್ಯಾರೆ. ದೊಡ್ಡ ರಸ್ತೆಗೆ ಹೋಗಾನ," ಎಂದ ಕೊಟ್ರ.

ದೊಡ್ಡ ರಸ್ತೆಯಲ್ಲಿ ಯಾರಾದರೂ ನೋಡಿದರೆ? ಹರಿಹರದವರ ಕಡೆಯವರೇ ಯಾರಾದರೂ ಸಿಕ್ಕರೆ? "ಇನ್ನರ್ಧ ರಸ್ತೆ ಖಾಲಿ ಐತಲ್ಲ, ಅದ್ರಾಗೇ ಹೊಡೀತೀನಿ," ಎಂದು ನಾನೇ ತಿರುಗಿಸಿದೆ.

ಖಾಲಿ ಅರ್ಧದಲ್ಲಿಯೇ ಹೋಗುತ್ತಿದ್ದೆ. ಎದುರಿನಿಂದ ಒಂದು ಟ್ರ್ಯಾಕ್ಟರ್ ತಿರುಗಿ ಬಂತು. ಅದಕ್ಕೆ ಜಾಗ ಬಿಡಲು ಎಡಕ್ಕೆ ಎಳೆದೆ. ಕಲ್ಲಿನ ಸಾಲಿನ ಸಂದಿನಿಂದ ಗಾಡಿ ಕಾಳಿನ ಮೇಲೆ ಹೋಯಿತು. ಕೆಳಗೆ ನೆಲವೇ ಇಲ್ಲದಂತೆ ಗಾಲಿ ಜಾರಿತು.

"ರೇಸ್ ಬಿಡು ಅಷ್ಟೇ, ಬ್ರೇಕ್ ಹಿಡೀಬ್ಯಾಡ. ಅಕ್ಕ, ಬ್ರೇಕ್ ಹಿಡೀಬ್ಯಾಡ."

ಅವನು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಹೊಲಿಯುವಾಗ ದಾರ ಸಿಕ್ಕಿಕೊಂಡರೆ ನಾವು ಬಲಗೈಯಿಂದ ಮೆಷಿನ್ನಿನ ಚಕ್ರವನ್ನು ಗಪ್ಪನೆ ಹಿಡಿಯುತ್ತೇವೆ. ಯೋಚನೆ ಮಾಡಿ ಹಿಡಿಯುವುದಲ್ಲ, ಕೈ ತಾನೇ ಹೋಗುತ್ತದೆ. ಗಾಡಿಯ ಮುಂದಿನ ಬ್ರೇಕು ಇರುವುದೂ ಬಲಗೈಗೇ. ನನ್ನ ಕೈ ತಾನೇ ಹೋಯಿತು. ಗಪ್ಪನೆ ಹಿಡಿಯಿತು.

ಎದ್ದು ನೋಡಿದರೆ ನನ್ನ ಮೊಣಕೈ ತರಚಿತ್ತು, ಅಷ್ಟೇ. ಕೊಟ್ರನ ಎಡಗೈ ಗಾಡಿಯ ಕೆಳಗಿತ್ತು. ಟ್ರ್ಯಾಕ್ಟರಿನವರು ಇಳಿದು ಬಂದು ಗಾಡಿ ಎತ್ತಿದರು. ಬೇರೆ ಊರಿನವರು, ನಮ್ಮ ಗುರುತು ಅವರಿಗಿರಲಿಲ್ಲ. ಮಣಿಕಟ್ಟು ತಿರುಗಬಾರದ ಕಡೆ ತಿರುಗಿತ್ತು. ಅವನ ಮುಖದ ಬೆವರಿಗೆ ಮೆಕ್ಕೆಜೋಳದ ಸಿಪ್ಪೆ ಅಂಟಿಕೊಂಡಿತ್ತು. ನಾನು ಅಳುತ್ತಿದ್ದೆ. ಅವನು ಹಲ್ಲು ಕಚ್ಚಿ ನನ್ನನ್ನು ಹತ್ತಿರ ಕರೆದ.

"ನಾನೇ ಹೊಡೀತಿದ್ದೆ ಅಂತೀನಿ. ನೀನು ಹಿಂದೆ ಕುಂತಿದ್ದಿ. ತಿಳೀತಾ?"

"ಬ್ಯಾಡ ಕೊಟ್ರ."

"ಮುಂದಿನ ವಾರ ನಿನ್ನ ನಿಶ್ಚಿತಾರ್ಥ ಐತೆ. ಹುಡುಗಿ ಗಾಡಿ ಕದ್ದು ಒಯ್ದು ಬಿದ್ಲು ಅಂದ್ರೆ ಅವ್ರು ಏನಂತಾರೆ? ನನ್ನದೇನು, ನಾಲ್ಕು ಬೈಗುಳ. ಸುಮ್ನಿರು."

ನಾನು ಸುಮ್ಮನಾದೆ. ಬ್ರೇಕು ಹಿಡಿದದ್ದು ಕೈ ತಾನೇ ಮಾಡಿದ್ದು ಎಂದು ಹೇಳಿಕೊಳ್ಳಬಹುದು. ಸುಮ್ಮನಿದ್ದದ್ದನ್ನು ಹಾಗೆ ಹೇಳಿಕೊಳ್ಳಲಾಗದು.

ನಾಲ್ಕು ಬೈಗುಳಕ್ಕೆ ಮುಗಿಯಲಿಲ್ಲ. ಆಸ್ಪತ್ರೆಯಲ್ಲಿ ಮೂಳೆ ಕೂಡಿಸಿ ಪಟ್ಟಿ ಹಾಕಿದರು. ನರಕ್ಕೂ ಪೆಟ್ಟಾಗಿದೆ, ಎಷ್ಟು ಸರಿಯಾಗುತ್ತದೋ ನೋಡಬೇಕು ಎಂದರು ಡಾಕ್ಟರು. ಗಾಡಿ ಹೇಗೆ ಬಿತ್ತು ಎಂದು ಅಪ್ಪ ಕೇಳಿದಾಗ ಕೊಟ್ರ ನೆಲ ನೋಡುತ್ತ, "ಕಾಳಿನ ಮೇಲೆ ಹಾರಿಸಾಕೆ ಹೋದೆ ಅಪ್ಪ, ಆಟದಾಗಿನ ಥರ," ಎಂದುಬಿಟ್ಟ. ಯಾರೂ ನಂಬದಿರುವ ಮಾತಲ್ಲ. ದಿನವೂ ಗೋಡೆಗೆ ಒರಗಿ ಆಡುತ್ತಿದ್ದುದನ್ನು ಎಲ್ಲರೂ ನೋಡಿದ್ದರು. ಓಣಿಗೆಲ್ಲ ಸುದ್ದಿಯಾಯಿತು, ಫೋನಿನ ಆಟ ನೋಡಿ ಹಮಾಲಿಯ ಮಗ ಅಪ್ಪನ ಗಾಡಿ ಹಾರಿಸಿದನಂತೆ. ಯಾರ್ಯಾರೋ ತಮ್ಮ ಮಕ್ಕಳ ಫೋನು ಕಸಿದುಕೊಂಡರು.

ಮನೆಗೆ ಬಂದ ಸಂಜೆ ಅಪ್ಪ ನನ್ನನ್ನು ಕರೆದ. "ಫೋನ್ ತಗಂಬಾ. ಆ ಆಟ ತೆಗಿ."

ಅಪ್ಪನಿಗೆ ಓದಲು ಬಾರದು. ಆದರೆ ಆ ಬೈಕಿನ ಚಿತ್ರ ಯಾವುದೆಂದು ಅವನಿಗೆ ಗೊತ್ತಿತ್ತು. ಪಕ್ಕದಲ್ಲೇ ನಿಂತ. ಕೊಟ್ರ ಚಾಪೆಯ ಮೇಲೆ ಪಟ್ಟಿ ಹಾಕಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ನೋಡುತ್ತಿದ್ದ. ತೆಗೆದರೆ ಅವನು ಇಷ್ಟು ದಿನ ದಾಟಿದ್ದೆಲ್ಲ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಹಲಗೆಗಳು, ಗೋಡೆಯಂಥ ಏರು, ಡ್ರಮ್ಮುಗಳು, ಎಲ್ಲ. ನನ್ನ ಹೆಬ್ಬೆರಳು ಆ ಚಿತ್ರದ ಮೇಲೆ ನಿಂತುಬಿಟ್ಟಿತು.

"ತೆಗಿ ಅಕ್ಕ," ಎಂದ ಕೊಟ್ರ. "ಆಟ ತಾನೇ."

ತೆಗೆದೆ. ಬೈಕಿನ ಚಿತ್ರ ಇದ್ದ ಜಾಗ ಖಾಲಿಯಾಯಿತು. ಅಪ್ಪ ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ. ಅವನ ಭುಜ ಅಲುಗುತ್ತಿದ್ದದ್ದು ಕಿಟಕಿಯಿಂದ ಕಾಣುತ್ತಿತ್ತು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಗ ಎದ್ದು ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು.

ನಿಶ್ಚಿತಾರ್ಥ ನಡೆಯಿತು. ತರಚಿದ ಮೊಣಕೈ ಕಾಣದಂತೆ ಉದ್ದ ತೋಳಿನ ರವಿಕೆಯನ್ನು ನಾನೇ ಹೊಲಿದುಕೊಂಡೆ. ನನಗೆ ಅತ್ತೆಯಾಗಲಿದ್ದವರು, "ತಮ್ಮನಿಗೆ ಹೆಂಗೈತವ್ವ? ಈಗಿನ ಹುಡುಗ್ರಿಗೆ ಫೋನಿನ ಹುಚ್ಚು," ಎಂದರು. ತಲೆಯಾಡಿಸಿದೆ.

ಪಟ್ಟಿ ಬಿಚ್ಚಿದ ಮೇಲೆ ಹಾಲೇಶ ಮಾವ ಮನೆಗೆ ಬಂದ. ಕೊಟ್ರ ಬೆಳಿಗ್ಗೆಯಿಂದ ಇಸ್ತ್ರಿ ಅಂಗಿ ಹಾಕಿಕೊಂಡು ಕುಳಿತಿದ್ದ. ಕೈ ಪೂರ್ತಿ ತಿರುಗುತ್ತಿರಲಿಲ್ಲ, ಎಡ ಹೆಬ್ಬೆರಳು ಜೋಮು ಹಿಡಿದಂತಿತ್ತು. ಆದರೂ ಸ್ಪ್ಯಾನರ್ ಹಿಡಿಯಬಲ್ಲೆ ಎಂದು ತೋರಿಸಲು ಬಾಗಿಲ ಚಿಲಕವನ್ನು ಎಡಗೈಯಿಂದಲೇ ತೆಗೆದ.

ಮಾವ ಅದನ್ನು ನೋಡಿದ. ಅವ್ವನ ಕಡೆ ತಿರುಗಿ ಮಾತಾಡಿದ. "ಕೈ ಇವತ್ತಲ್ಲ ನಾಳೆ ಸರಿಯಾಗ್ತೈತೆ ಅಕ್ಕ. ಅದಕ್ಕಲ್ಲ ನಾನು ಹಿಂದೆ ಮುಂದೆ ನೋಡ್ತಿರೋದು. ರಿಪೇರಿ ಆದಮೇಲೆ ಗಾಡಿನ ರಸ್ತೆಗೆ ತಗಂಡು ಹೋಗಿ ಓಡ್ಸಿ ನೋಡಿದ ಮೇಲೇ ನಾನು ಗಿರಾಕಿಗೆ ಕೊಡೋದು. ನಮ್ಮ ಕೆಲಸದಾಗ ಅದೇ ಮುಖ್ಯ. ಕಾಳು ಕಂಡ ಕೂಡ್ಲೇ ಹಾರ್ಸಾಕೆ ಹೋಗೋ ಹುಡುಗನ ಕೈಗೆ ಮಂದಿ ಗಾಡಿ ಹೆಂಗೆ ಕೊಡ್ಲಿ? ಊರಿಗೆಲ್ಲ ಗೊತ್ತಾಗೈತೆ."

"ಇನ್ನೊಮ್ಮೆ ಹಂಗೆ ಮಾಡಲ್ಲ ಮಾವ," ಎಂದ ಕೊಟ್ರ. ಅವನು ಒಮ್ಮೆಯೂ ಮಾಡಿರಲಿಲ್ಲ.

"ಬ್ಯಾರೆ ಏನಾದ್ರೂ ನೋಡಾನ ಬಿಡ್ಲೇ."

ನಾನು ಚಹದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಮಾವನ ಮಾತು ಮುಗಿದಿತ್ತು, ಆ ಕೋಣೆಯಲ್ಲಿ ನನ್ನ ಒಂದು ಮಾತಿಗೆ ಜಾಗ ಇತ್ತು. ಕೊಟ್ರ ನನ್ನ ಕಡೆ ನೋಡಿದ. ಹೇಳಬೇಡ ಎಂದು ನೋಡಿದನೋ, ಹೇಳು ಎಂದು ನೋಡಿದನೋ. ಇವತ್ತಿನವರೆಗೂ ನನಗೆ ಗೊತ್ತಾಗಿಲ್ಲ. ನನಗೆ ಬೇಕಾದಂತೆ ಓದಿಕೊಂಡೆ. ಚಹ ಕೊಟ್ಟು ಒಳಗೆ ಹೋದೆ.

ಮದುವೆಯಾಗಿ ಹರಿಹರಕ್ಕೆ ಬಂದೆ. ಹೊಳೆ ದಾಟಿ ಬಂದದ್ದೇನಲ್ಲ, ಬಸ್ಸು ಹತ್ತಿದರೆ ದಾವಣಗೆರೆ ಪಕ್ಕದಲ್ಲೇ ಇದೆ. ಆದರೂ ಹೇಳುವ ದಾರಿ ದಿನದಿನಕ್ಕೆ ಉದ್ದವಾಯಿತು. ಮೊದಲು ಮದುವೆ ಆಗಲಿ ಎಂದೆ. ಆಮೇಲೆ ಈ ಮನೆಯಲ್ಲಿ ಕಾಲೂರಲಿ ಎಂದೆ. ಆಮೇಲೆ, ಇಷ್ಟು ದಿನ ಆದಮೇಲೆ ಹೇಗೆ ಹೇಳುವುದು ಎಂದೆ.

ಹೇಳುವ ಬದಲು ಒಂದು ಕೆಲಸ ಮಾಡಿದೆ. ಆಟವನ್ನು ಮತ್ತೆ ನನ್ನ ಫೋನಿಗೆ ಹಾಕಿಕೊಂಡೆ. ಮೊದಲ ದಿಬ್ಬದಿಂದ ಶುರು. ಕುಕ್ಕರ್ ಕೂಗುವ ತನಕ, ಗಿರಾಕಿ ಅಳತೆ ಕೊಡಲು ಬರುವ ತನಕ, ಬಸ್ಸಿನಲ್ಲಿ. ಕೊಟ್ರ ಕಳೆದುಕೊಂಡ ಲೆವೆಲ್ಲುಗಳನ್ನು ಒಂದೊಂದಾಗಿ ದಾಟಿ, ಅವನು ನಿಂತಿದ್ದ ಜಾಗಕ್ಕೆ ತಂದು ಫೋನನ್ನು ಅವನ ಕೈಗೆ ಕೊಡಬೇಕು ಎಂದು ಹಟ. ಅವನು ಮಾಡಿದ್ದು ನನಗೆ ಎಲ್ಲಿ ಬರಬೇಕು? ಒಂದು ಲೆವೆಲ್ಲಿಗೆ ಒಂದು ಇಡೀ ಮಳೆಗಾಲ ತಗುಲಿದ್ದೂ ಉಂಟು. ಬೀಳುವಾಗೆಲ್ಲ ಅವನ ಮಾತು ನೆನಪಾಗುತ್ತಿತ್ತು. ಇಲ್ಲಿ ಬೇರೆ ಯಾರೂ ಇಲ್ಲ. ಬೇರೆಯವರ ಹೆಸರು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಗ್ಯಾರೇಜಿನಲ್ಲಿ ಕಂಡ ಆ ನರೆಗೂದಲಿನವರು ಯಾಕೆ ಇನ್ನೂ ಬಿಟ್ಟಿಲ್ಲವೋ ಅವರಿಗೇ ಗೊತ್ತು. ನನಗಂತೂ ದಿನದಲ್ಲಿ ಸುಳ್ಳು ಹೇಳದೆ ಕೂರುವ ಜಾಗ ಅದೊಂದೇ ಆಗಿತ್ತು.

ಒಂದು ದಿನ ನಮ್ಮ ಮನೆಯವರು ಊಟಕ್ಕೆ ಬಂದವರು ನಿಂತು ನೋಡಿದರು. "ಇದು ನಿನ್ನ ತಮ್ಮ ಬಿದ್ದ ಆಟ ಅಲ್ವಾ? ನೀನ್ಯಾಕ ಆಡ್ತಿ?"

ಏನಾಯಿತೋ, ಅವರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಕಾಳು, ಬ್ರೇಕು, ಉದ್ದ ತೋಳಿನ ರವಿಕೆ. ಅವರು ತುತ್ತು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. ಆಮೇಲೆ ನಕ್ಕರು. ಕೆಟ್ಟ ನಗುವಲ್ಲ.

"ಇಷ್ಟಕ್ಕೇನಾ? ಅವತ್ತೇ ಹೇಳಿದ್ರೆ ನಾನೇನು ಬ್ಯಾಡ ಅಂತಿದ್ನಾ? ಗಾಡಿ ಬರೋ ಹುಡುಗಿ ಅಂತ ನಾನೇ ಖುಷಿ ಪಡ್ತಿದ್ದೆ. ನಮ್ಮವ್ವಂಗೂ ಆಸ್ಪತ್ರೆಗೆ ಕರ್ಕಂಡು ಹೋಗಾಕೆ ಒಬ್ರು ಬೇಕಾಗಿತ್ತು."

ಮರುತಿಂಗಳು ಸ್ಕೂಟಿ ತಂದರು. ಅತ್ತೆ ಕುಂಕುಮ ಹಚ್ಚಿ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಎಲ್ಲರೂ ನಗುತ್ತಿದ್ದರು. ನಾನು ಹಿತ್ತಿಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಯಾವ ಮನೆಯವರಿಗೆ ಹೆದರಿ ನನ್ನ ತಮ್ಮನ ಬಾಳನ್ನು ಮಡಚಿಟ್ಟೆನೋ, ಆ ಮನೆಯವರಿಗೆ ಅದು ಒಂದು ವಿಷಯವೇ ಆಗಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಡ್ರಮ್ಮುಗಳ ಲೆವೆಲ್ ತೆರೆದದ್ದು ಇತ್ತೀಚೆಗೆ, ಗ್ಯಾರೇಜಿಗೆ ಹೋಗಿ ಬಂದ ಮರುವಾರ. ಭಾನುವಾರ ಸ್ಕೂಟಿ ಹೊಡೆದುಕೊಂಡು ಸರಸ್ವತಿ ನಗರಕ್ಕೆ ಹೋದೆ. ಅಪ್ಪ ಈಗ ಚೀಲ ಹೊರುವುದಿಲ್ಲ, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಕೊಟ್ರ ಒಳಗೆ ಚಾಪೆಯ ಮೇಲಿದ್ದ. ಅವನ ಪಕ್ಕ ಕುಳಿತು ಫೋನು ಕೊಟ್ಟೆ.

"ನೋಡು, ಅಲ್ಲಿಗೇ ತಂದೀನಿ. ನೀ ಬಿಟ್ಟಿದ್ದಲ್ಲ, ಅಲ್ಲಿಗೆ."

ಅವನು ಪರದೆಯನ್ನು ಬಹಳ ಹೊತ್ತು ನೋಡಿದ. "ಎಲ್ಲಾ ನೀನೇ ದಾಟಿದ್ಯಾ? ಗೋಡೆನೂ?"

"ಗೋಡೆನೂ."

"ಶಭಾಷ್," ಎಂದ. ಫೋನನ್ನು ಅಡ್ಡ ಹಿಡಿದ. ಮೊದಲ ಡ್ರಮ್ಮು ದಾಟಿತು. ಎರಡನೆಯದಕ್ಕೆ ಹಾರಿದಾಗ ಅವನ ಎಡ ಹೆಬ್ಬೆರಳು ಒತ್ತಲು ಹೋಗಿ ಪರದೆಯ ಮೇಲೆ ಸುಮ್ಮನೆ ಒರಗಿತು. ಪಟ್. ಇನ್ನೊಮ್ಮೆ. ಪಟ್. ಆ ಬೆರಳಿಗೆ ಈಗ ಅಷ್ಟು ಚುರುಕಿಲ್ಲ. ಸೀರೆ ಮಡಚಲು ಸಾಕು, ಇದಕ್ಕೆ ಸಾಲದು. ಇಷ್ಟು ವರ್ಷ ಆಡುತ್ತ ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ದಾರಿಯನ್ನು ಹಿಂದಕ್ಕೆ ತಂದಿದ್ದೆ, ಕೈಯನ್ನು ತಂದಿರಲಿಲ್ಲ.

"ಅಪ್ಪಂಗೆ ಹೇಳ್ತೀನಿ ಕೊಟ್ರ," ಎಂದೆ ಮೆಲ್ಲಗೆ. "ಮಾವಂಗೂ. ಇವತ್ತೇ."

"ಬ್ಯಾಡ."

"ಯಾಕ?"

"ಹೇಳಿದ್ರೆ ಏನಾಗ್ತೈತೆ? ಮಾವ ಈಗ ನನ್ನ ಕರೀತಾನಾ? ಅಪ್ಪ ಅವತ್ತು ಬೈದಿದ್ದೆಲ್ಲ ಈಗ ಕುಂತು ಲೆಕ್ಕ ಹಾಕ್ತಾನೆ. ಅವನಿಗೆ ಅದ್ಯಾಕ ಬೇಕು. ನಿನಗೆ ಹಗುರ ಆಗ್ತೈತೆ, ಅಷ್ಟೇ."

ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಅವನು ಹೇಳಿದ್ದು ನಿಜವೂ ಹೌದು. ಇದನ್ನು ಬರೆಯುವಾಗಲೂ ನನಗೆ ಒಂದು ಗೊತ್ತಿದೆ. ಅಪ್ಪ ಓದುವುದಿಲ್ಲ, ಮಾವ ಓದುವುದಿಲ್ಲ. ಅದಕ್ಕೇ ಬರೆಯುವ ಧೈರ್ಯ ಬಂದಿದೆ.

"ಎಡಗಡೆ ನೀನು ಒತ್ತು," ಎಂದು ಕೊಟ್ರ ಫೋನಿನ ಒಂದು ತುದಿಯನ್ನು ನನ್ನ ಕಡೆ ಸರಿಸಿದ. "ರೇಸ್ ನಾನು ಕೊಡ್ತೀನಿ."

ಹೆಗಲಿಗೆ ಹೆಗಲು ತಾಗಿಸಿ ಕುಳಿತೆವು. ಒಂದು ಗಾಡಿ, ಇಬ್ಬರು. ಅವನ ಬಲಗೈ ಇನ್ನೂ ಮೊದಲಿನಂತೆಯೇ ಇತ್ತು. ಎಲ್ಲಿ ಎಷ್ಟು ಕೊಡಬೇಕೋ ಅಷ್ಟೇ. ದುಂಬಿಯ ಸದ್ದು ಏರಿತು.

"ಮತ್ತೆ ಅದನ್ನೇ ಹಾಕ್ಕಂಡ್ರಾ?" ಎಂದ ಅಪ್ಪ ಬಾಗಿಲಿಂದ. "ಕೈ ತಿಂದಿದ್ದು ಸಾಲದಾಗಿತ್ತಾ ಅದಕ್ಕೆ?"

ನನ್ನ ಬಾಯಿಯವರೆಗೆ ಬಂತು. ಕೊಟ್ರ ಪರದೆಯಿಂದ ಕಣ್ಣು ತೆಗೆಯದೆ ಮೊಣಕೈಯಿಂದ ನನ್ನನ್ನು ತಿವಿದ. ಮಾತು ಅಲ್ಲೇ ನಿಂತಿತು. ಡ್ರಮ್ಮುಗಳು ಒಂದೊಂದಾಗಿ ಹಿಂದಕ್ಕೆ ಹೋದವು. ಕೊನೆಯದು ಬಂತು, ಎತ್ತರದ್ದು. ಅವನು ರೇಸು ಕೊಟ್ಟ. ಗಾಡಿ ಗಾಳಿಗೆ ಎದ್ದಿತು.

"ಹಿಂದಕ್ಕೆ ಅಕ್ಕ."

ಒತ್ತಿದೆ. ತಡವಾಗಿತ್ತು. ಮುಂದಿನ ಗಾಲಿ ಡ್ರಮ್ಮಿನ ಅಂಚಿಗೆ ಬಡಿದು ಗಾಡಿ ಹೊಂಡಕ್ಕೆ ಬಿತ್ತು.

"ನಾನೇ ಬೀಳಿಸಿದ್ದು," ಎಂದೆ.

"ಹೂಂ," ಎಂದ ಕೊಟ್ರ, ಬಲ ಹೆಬ್ಬೆರಳಿನಿಂದ ಪರದೆ ಮುಟ್ಟಿದ. ಗಾಡಿ ಮತ್ತೆ ಮೊದಲ ಡ್ರಮ್ಮಿನ ಮುಂದೆ ನಿಂತಿತ್ತು.